ತೊಪ್ಪೂರು ಘಟ್ಟದ ಬಸ್ಸಿನ ಸದ್ದು

ಸೇಲಂ
೧೨-೧೧-೧೯೩೪

ಬಾವನವರ ಪಾದಕ್ಕೆ ಮಾದೇಶನ ನಮಸ್ಕಾರ.

ಎಲ್ಲರೂ ಚೆನ್ನಾಗಿದ್ದೇವೆ ಎಂದು ಮೊದಲ ಸಾಲಿನಲ್ಲೇ ಬರೆಯುವುದು ವಾಡಿಕೆ. ನಿಮ್ಮ ತಂಗಿ ಗೋವಿಂದಿ ಚೆನ್ನಾಗಿದ್ದಾಳೆ. ಐದನೇ ತಿಂಗಳು, ಹುಣಸೆಕಾಯಿ ಕೇಳುತ್ತಾಳೆ. ನಾನು ಚೆನ್ನಾಗಿಲ್ಲ. ಈ ಬೀದಿಯಲ್ಲಿ ನಮ್ಮ ಕನ್ನಡ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ, ನಮ್ಮ ಅಕ್ಷರ ಓದುವವರು ಯಾರೂ ಇಲ್ಲ. ಗೋವಿಂದಿಗೂ ಓದು ಬಾರದು. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಹೋದ ಸೋಮವಾರ ಎದ್ದಾಗ ಬೀದಿ ತಣ್ಣಗಿತ್ತು. ನೇಕಾರರ ಬೀದಿ ಬಾವ ಇದು, ಕೋಳಿಗಿಂತ ಮೊದಲು ಮಗ್ಗ ಕೂಗುತ್ತದೆ. ಸಾವಾದರೆ ಮಾತ್ರ ಎಲ್ಲ ಮಗ್ಗಗಳೂ ನಿಲ್ಲುತ್ತವೆ. ಯಾರೋ ತೀರಿಕೊಂಡರು ಎಂದುಕೊಂಡು ಹೆಗಲಿಗೆ ವಲ್ಲಿ ಹಾಕಿ, ಮನೆಯೊಡತಿ ಚೆಲ್ಲಮ್ಮನ ಬಾಗಿಲಿಗೆ ಹೋಗಿ, "ಯಾರಮ್ಮ ತೀರ್ಕೊಂಡೋರು?" ಎಂದೆ. ಚೆಲ್ಲಮ್ಮ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ಲಾಳಿ ಆ ಕಡೆಯಿಂದ ಈ ಕಡೆಗೆ ಓಡುತ್ತಿತ್ತು. ಸದ್ದಿಲ್ಲ. ಅವಳ ತುಟಿ ಅಲ್ಲಾಡಿತು. ಹತ್ತಿರ ಹೋಗಿ ಬಗ್ಗಿದ ಮೇಲೆ ಕೇಳಿಸಿತು: "ಎದ್ದೆದ್ದಂಗೇ ಯಾರ್ನ ಸಾಯಿಸ್ತೀಯಪ್ಪಾ? ಓಗು, ಮೊದ್ಲು ಬಾಯಿ ತೊಳ್ಕೊ!"

ಮೇಟೂರು ಅಣೆಯ ಕೆಲಸದಲ್ಲಿ ನಾನು ಲಾರಿ ಓಡಿಸುತ್ತಿದ್ದಾಗ ಚಳಿಜ್ವರ ಬಂದು, ಮೇಲಿಂದ ಮೇಲೆ ಕ್ವಿನೈನ್ ನುಂಗಿದೆನಲ್ಲ, ಆಗಲೇ ಕಿವಿಯೊಳಗೆ ಜೀರುಂಡೆ ಕೂತಿತ್ತು. ಜ್ವರ ಬಿಟ್ಟರೆ ಅದೂ ಹೋಗುತ್ತದೆ ಎಂದರು. ಜ್ವರ ಹೋಯಿತು, ಜೀರುಂಡೆ ಉಳಿಯಿತು. ಈಗ ಎದುರು ನಿಂತು ಜೋರಾಗಿ ಹೇಳಿದರೆ ಕೇಳುತ್ತದೆ. ಅದೂ ಮುಖ ನೋಡಿಕೊಂಡು.

ಡ್ರೈವರನಿಗೆ ಕಿವಿ ಎಂದರೆ ಏನೆಂದು ನಿಮಗೆ ನಾನು ಹೇಳಬೇಕೆ? ತೊಪ್ಪೂರು ಘಟ್ಟ ಹತ್ತುವಾಗ ಬಸ್ಸಿನ ಇಂಜಿನ್ನಿನ ದನಿ ಕುಗ್ಗುವ ಆ ಗಳಿಗೆಯಲ್ಲೇ ಕೆಳಗಿನ ಗೇರು ಬೀಳಬೇಕು. ತಪ್ಪಿದರೆ ಯಾವ ಗೇರೂ ಸಿಗದೆ ಗಾಡಿ ಹಿಂದಕ್ಕೆ ಉರುಳುತ್ತದೆ. ಮೊನ್ನೆ ಉರುಳಿತು. ಕಂಡಕ್ಟರ್ ಈಶ್ವರನ್ ಹಾರಿ ಇಳಿದು ಚಕ್ರಕ್ಕೆ ಮರದ ತುಂಡು ಕೊಟ್ಟದ್ದರಿಂದ ಉಳಿದೆವು. "ಏನ್ಣಾ, ಕನ್ಸು ಕಾಣ್ತಿದ್ರಾ?" ಎಂದು ನಕ್ಕ. ನಾನೂ ನಕ್ಕೆ.

ಒಂದು ದಾರಿ ಹೊಳೆದಿದೆ. ಏರ್ಕಾಡಿನ ಬಸ್ಸುಗಳಿಗೆ ಕಟೌಟ್ ಹಾಕಿದ್ದಾರೆ. ಹೊಗೆಯ ಕೊಳವೆ ಸೈಲೆನ್ಸರಿಗೆ ಸೇರುವ ಮೊದಲೇ ಒಂದು ಕಿಂಡಿ, ಕಿಂಡಿಗೆ ಮುಚ್ಚಳ, ಮುಚ್ಚಳಕ್ಕೆ ತಂತಿ. ಡ್ರೈವರ್ ತಂತಿ ಎಳೆದರೆ ಹೊಗೆ ನೇರವಾಗಿ ಹೊರಗೆ ಹೋಗುತ್ತದೆ, ಇಂಜಿನ್ನಿಗೆ ಉಸಿರು ಹಗುರ, ಏರಿಗೆ ಕಸುವು. ಸದ್ದು ಮಾತ್ರ ಗುಡುಗು. ಅವರೆಲ್ಲ ಕಸುವಿಗೆ ಹಾಕಿಸುತ್ತಾರೆ, ನನಗೆ ಬೇಕಾದದ್ದು ಆ ಗುಡುಗು. ಹಳೇ ಕಾರಿನ ಚಾಸಿ ಕತ್ತರಿಸಿ, ಉದ್ದ ಮಾಡಿ, ಬೇವಿನ ಹಲಗೆಯ ಮೈ ಕೂರಿಸಿ ಈ ಬಸ್ಸು ಮಾಡಿದವರೇ ನೀವು. ನೀವೇ ಹಾಕಿಕೊಡಿ. ಬಸ್ಸಿನ ಸಾಹುಕಾರ ವೆಂಕಟಾಚಲಂ ಅವರಿಗೆ ಏರಿಗಾಗಿ ಎಂದು ಹೇಳುತ್ತೇನೆ. ಗೋವಿಂದಿಗೆ ಏನೂ ಹೇಳಬೇಡಿ.

ನಿಮ್ಮ ಮೈದುನ,
ಮಾದೇಶ

&nbsp;

ಶಂಕಗಿರಿ
೨೦-೧೧-೧೯೩೪

ಮಾದೇಶನಿಗೆ ಶಿವಲಿಂಗಂ ಮಾಡುವ ಆಶೀರ್ವಾದ.

ನಿನ್ನ ಕಾಗದ ಬಂದ ದಿನ ಶೆಡ್ಡಿನಲ್ಲಿ ಕೆಲಸ ಮಾಡಲಾಗಲಿಲ್ಲ. ಸುತ್ತಿಗೆ ಎತ್ತಿದಾಗಲೆಲ್ಲ, ಈ ಸದ್ದೂ ಅವನಿಗೆ ಕೇಳಿಸುವುದಿಲ್ಲವಲ್ಲ ಎನ್ನಿಸುತ್ತಿತ್ತು.

ಕಟೌಟ್ ಮಾಡಿ ಕೂರಿಸುವುದು ಒಂದು ಬೆಳಗಿನ ಕೆಲಸ. ಆದರೆ ಮಾಡುವುದಿಲ್ಲ. ಅದು ಏಕೆಂದು ಮಾರಂಡಹಳ್ಳಿಯಲ್ಲಿ ನಮ್ಮಜ್ಜಿ ಹೇಳುತ್ತಿದ್ದ ಒಂದು ಕತೆಯಲ್ಲೇ ಹೇಳುತ್ತೇನೆ.

ಒಬ್ಬ ಕಿವುಡನಂತೆ, ಕಡಲೆಕಾಯಿ ಹೊಲ ಕಾಯುವವನು. ರಾತ್ರಿ ತನಗೆ ಎಚ್ಚರವಿದೆಯೋ ನಿದ್ದೆ ಬಂತೋ ಅವನಿಗೇ ತಿಳಿಯದು. ಅದಕ್ಕೆ ದೊಡ್ಡದೊಂದು ತಮಟೆ ತಂದು ಬೆಳತನಕ ಬಡಿದನಂತೆ. ಆ ಸದ್ದು ಒಂದಿಷ್ಟು ಕಿವಿಗೆ ಬಿತ್ತು. "ಆಹಾ, ಎಚ್ಚರವಾಗಿದ್ದೀನಿ" ಎಂದು ಸಂತೋಷಪಟ್ಟ. ಹಂದಿಗಳು ಮೊದಲ ದಿನ ಹೆದರಿದವು. ಎರಡನೇ ದಿನ ನಿಂತು ಕೇಳಿದವು. ಮೂರನೇ ದಿನ ತಮಟೆಯ ತಾಳಕ್ಕೆ ತಕ್ಕಂತೆ ಹೊಲ ಅಗೆದು ತಿಂದು ಹೋದವು. ಬೆಳಿಗ್ಗೆ ಹೆಂಡತಿ ಬಂದು ಕೂಗಾಡಿದರೆ, "ತಮಟೆ ಚೆನ್ನಾಗಿ ಬಡಿದ್ನಾ?" ಎಂದನಂತೆ.

ಕಟೌಟ್ ತೆರೆದರೆ ನಿನ್ನ ಇಂಜಿನ್ನು ನಿನಗೆ ಕೇಳಿಸೀತು. ಎದುರಿನ ಲಾರಿಯ ಹಾರನ್ನು? ಒಳಗೆ ಕೂತ ಜನರ ಕೂಗು? ಅವು ನಿನಗೆ ಈಗಲೇ ಕೇಳುವುದಿಲ್ಲ ಎನ್ನುತ್ತೀಯೇನೋ. ಹಾಗಿದ್ದರೆ ನೀನು ಆ ಸೀಟಿನಲ್ಲಿ ಕೂರಲೇಬಾರದು.

ಇದನ್ನು ಬರೆಯಲು ನನಗೆ ಕೈ ಬರಲಿಲ್ಲ. ಬರೆದಿದ್ದೇನೆ. ಇಲ್ಲಿಗೆ ಬಾ. ಶೆಡ್ಡಿನಲ್ಲಿ ತಿದಿ ಒತ್ತಲು ಕಿವಿ ಬೇಡ.

ಶಿವಲಿಂಗಂ

&nbsp;

ಸೇಲಂ
೪-೧೨-೧೯೩೪

ಬಾವ,

ಕತೆ ಚೆನ್ನಾಗಿದೆ. ನಿಮ್ಮಜ್ಜಿಯ ಕತೆಯಲ್ಲಿ ಆ ಕಿವುಡನ ಹೆಂಡತಿ ಬಸುರಿಯಾಗಿದ್ದಳೇ? ಹೊಲ ಕಾಯುವುದು ಬಿಟ್ಟರೆ ಆ ಊರಿನಲ್ಲಿ ಅವನು ಏನಾಗಿ ಬದುಕಬೇಕಿತ್ತು ಎಂದು ಅಜ್ಜಿ ಹೇಳಿದ್ದರೇ?

ಊರಿನಲ್ಲಿ ಅಣ್ಣಂದಿರ ಹೊಲಕ್ಕೆ ಹೋಗಿ ಅವರ ಹೆಂಡಿರ ಕೈಯಲ್ಲಿ ಮುದ್ದೆ ಇಸಿದುಕೊಂಡು ತಿನ್ನಲೆ? ನಿಮ್ಮ ಶೆಡ್ಡಿನಲ್ಲಿ ತಿದಿ ಒತ್ತುತ್ತಾ, ಬಂದ ಡ್ರೈವರುಗಳೆಲ್ಲ "ಇವ್ನಾ, ಒಂದ್ ಕಾಲದಲ್ಲಿ ಬಸ್ ಓಡಿಸ್ತಿದ್ದ" ಎನ್ನುವುದನ್ನು ಕೇಳಲೆ? ಕೇಳುವುದಿಲ್ಲ ಬಿಡಿ, ಅದೊಂದು ಪುಣ್ಯ.

ನಾನೂ ಸುಮ್ಮನೆ ಕೂತಿಲ್ಲ. ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಓಡಿಸಿ ನೋಡಿದೆ. ಹಲಗೆಯ ನಡುಕದಿಂದ ಇಂಜಿನ್ನು ತಿಳಿಯುತ್ತದೆ, ಓಮಲೂರಿನವರೆಗೆ. ಘಟ್ಟದಲ್ಲಿ ಹಲಗೆ, ಬೆಂಚು, ಟಾಪಿನ ಮೇಲಿನ ಜವಳಿ ಗಂಟು, ಜನರ ಮಂಡಿ, ಎಲ್ಲ ಒಂದೇ ಸಮ ನಡುಗುತ್ತವೆ. ಯಾವುದು ಇಂಜಿನ್ನು, ಯಾವುದು ಮುದುಕಿಯ ಮಂಡಿ ಎಂದು ಅಂಗಾಲಿಗೆ ಗೊತ್ತಾಗುವುದಿಲ್ಲ.

ಮತ್ತೊಮ್ಮೆ ಹಿಂದಕ್ಕೆ ಉರುಳಿತು. ಈ ಸಲ ಈಶ್ವರನ್ ನಗಲಿಲ್ಲ.

ಹಾಕಿಕೊಡಿ ಬಾವ. ಇಲ್ಲದಿದ್ದರೆ ಇಲ್ಲೇ ಯಾರ ಕೈಲಾದರೂ ಹಾಕಿಸುತ್ತೇನೆ. ಅವರು ಕಿಂಡಿ ಸರಿಯಾಗಿ ಕೊರೆಯದೆ ಬೆಂಕಿ ಹಲಗೆಗೆ ತಗುಲಿದರೆ ಆಗ ನೀವೇ ನೊಂದುಕೊಳ್ಳುತ್ತೀರಿ.

ಮಾದೇಶ

&nbsp;

ಸೇಲಂ
೮-೧-೧೯೩೫

ಬಾವನವರಿಗೆ,

ನನ್ನ ಹೋದ ಕಾಗದಕ್ಕೆ ನೀವು ಉತ್ತರ ಬರೆಯಲಿಲ್ಲ. ಬರೆಯಲಾರಿರಿ ಎಂದು ಗೊತ್ತಿತ್ತು.

ನಿಮಗೂ ನನಗೂ ಒಪ್ಪಿಗೆಯಾಗದ ಮಾತನ್ನು ದೇವರ ಮುಂದೆ ಇಟ್ಟೆ. ನಮ್ಮ ಕಡೆ ಹೆಣ್ಣು ನೋಡಿದಾಗ, ಬಾವಿ ತೋಡುವಾಗ ಮಾಡುತ್ತಾರಲ್ಲ, ಹಾಗೇ. ಹೋದ ಶುಕ್ರವಾರ ಗೋವಿಂದಿಯನ್ನು ಕರೆದುಕೊಂಡು ಘಟ್ಟದ ಬಾಯಿಯಲ್ಲಿರುವ ಮುನಿಯಪ್ಪನ ಗುಡಿಗೆ ಹೋದೆ. ಒಂದು ಕೆಲಸಕ್ಕೆ ಕೈ ಹಾಕಬೇಕು ಎಂದಷ್ಟೇ ಅವಳಿಗೆ ಹೇಳಿದ್ದೆ. ಕರ್ಪೂರ ಹಚ್ಚಿ, ಮನಸ್ಸಿನಲ್ಲೇ ಕೇಳಿಕೊಂಡು, ಇಬ್ಬರೂ ಕಲ್ಲಿನ ಮೇಲೆ ಕೂತೆವು. ಹಲ್ಲಿ ನುಡಿದರೆ ಅಪ್ಪಣೆ. ನುಡಿಯದಿದ್ದರೆ ಇಲ್ಲ.

ಕರ್ಪೂರ ಆರಿತು. ಹೂವು ಬಾಡಿತು. ಪೂಜಾರಿ ಎರಡು ಸಲ ಎಲೆ ಹಾಕಿಕೊಂಡ. ಹಲ್ಲಿ ನುಡಿಯಲಿಲ್ಲ.

"ಸಾಮಿ ಒಪ್ಲಿಲ್ಲ, ಎದ್ದೇಳು" ಎಂದೆ. ಗೋವಿಂದಿ ನನ್ನ ಮುಖವನ್ನೇ ನೋಡಿದಳು. ಸೆರಗು ಹೊದ್ದು ಎದ್ದಳು.

ನೀವೇ ಗೆದ್ದಿರಿ. ಕಟೌಟ್ ಬೇಡ. ಮುಂದೆ ಏನು ಮಾಡಬೇಕೋ ಮುನಿಯಪ್ಪ ಹೇಳಲಿಲ್ಲ. ಈ ಏಳನೇ ತಿಂಗಳಲ್ಲಿ ಬಳೆ ತೊಡಿಸಿ ಗೋವಿಂದಿಯನ್ನು ಹೆರಿಗೆಗೆ ನಿಮ್ಮಲ್ಲಿಗೆ ಕಳಿಸುತ್ತೇನೆ. ರೈಲಿನಲ್ಲಿ ಚೆಲ್ಲಮ್ಮ ಜೊತೆಗೆ ಬರುತ್ತಾಳೆ.

ಮಾದೇಶ

&nbsp;

ಶಂಕಗಿರಿ
೨೪-೧-೧೯೩೫

ಮಾದೇಶನಿಗೆ,

ಗೋವಿಂದಿ ಕ್ಷೇಮವಾಗಿ ಬಂದಳು. ಚೆಲ್ಲಮ್ಮ ವಾಪಸು ರೈಲು ಹತ್ತುವವರೆಗೂ ನಗುನಗುತ್ತಲೇ ಇದ್ದಳು. ರೈಲು ಹೋದ ಮೇಲೆ ಸ್ಟೇಷನ್ನಿನ ಬೇವಿನ ಮರದ ಕೆಳಗೆ ಕೂತುಬಿಟ್ಟಳು.

"ಅಣ್ಣಾ, ಅಲ್ಲಿ ನುಡೀತು" ಎಂದಳು.

"ಯಾವ್ ಹಲ್ಲಿ?"

"ಮುನಿಯಪ್ಪನ ಗುಡೀಲಿ. ಅವ್ರ ತಲೆ ಮೇಲೇ ನುಡೀತು. ಒಂದ್ಸಲ ಅಲ್ಲ, ಮೂರ್ಸಲ. ಪೂಜಾರಿ ನಕ್ಕೊಂಡು 'ಉತ್ತರವು ಆಚ್ಚು', ಅಪ್ಪಣೆ ಆತು ಅಂದ. ಇವ್ರು ಸುಮ್ನೆ ಮೇಲ್ಗಡೆ ನೋಡ್ತಾ ಕೂತವ್ರೆ, ನುಡೀಲಿ ಅಂತ. ನಂಗೆ ಒಟ್ಟೆಯೊಳಗೆ ಮಗು ಒದ್ದಂಗಾತು. ಏನಂತ ಏಳ್ಲಿ? ಇವ್ರೇ ಎದ್ದು ಸಾಮಿ ಒಪ್ಲಿಲ್ಲ ಅಂದ್ರು."

ನಿನ್ನ ಕಿವಿಯ ಸಂಗತಿ ನನಗೆ ಮೊದಲೇ ಗೊತ್ತಿತ್ತು ಎಂದು ಅವಳಿಗೆ ಹೇಳಬೇಕಾಯಿತು. ನನ್ನ ಜೊತೆ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಊಟಕ್ಕಿಡುವಾಗ ಹೇಳಿದಳು: "ದ್ಯಾವ್ರು ಒಪ್ಪವ್ನೆ. ನೀನ್ ಯಾರು ಒಲ್ಲೆ ಅನ್ನಕ್ಕೆ? ಆಕ್ಕೊಡು. ಆ ಸೀಟ್ನಲ್ಲಿ ಕೂತ್ರೆ ಮಾತ್ರ ಅವ್ರು ನಗೋದು. ನಾನ್ ನೋಡಿವ್ನಿ."

ಮಾದೇಶ, ಹಲ್ಲಿ ನುಡಿಯಿತು, ತಂಗಿ ಬೇಡಿದಳು. ನಾನೊಬ್ಬ ಒಪ್ಪಿಲ್ಲ. ಆದರೂ ಪಾಡ್ಯ ಕಳೆದ ಮೇಲೆ ಬಸ್ಸು ತಂದು ನಿಲ್ಲಿಸು. ಒಂದು ಮಾತು ಕೊಡು: ಎದುರು ಕಾಣದ ತಿರುವು ಬಂದಲ್ಲೆಲ್ಲ ಈಶ್ವರನ್ ಇಳಿದು ಮುಂದೆ ನಡೆದು ನೋಡಬೇಕು. ಅವನಿಗೆ ನಿಜ ಹೇಳು.

ಶಿವಲಿಂಗಂ

&nbsp;

ಸೇಲಂ
೧೭-೨-೧೯೩೫

ಬಾವನವರ ಪಾದಕ್ಕೆ ನೂರು ನಮಸ್ಕಾರ.

ಕೇಳಿಸಿತು! ನೀವು ಕೂರಿಸಿಕೊಟ್ಟ ಮಾರನೇ ದಿನವೇ ಘಟ್ಟ ಹತ್ತಿದೆ. ಬುಡದಲ್ಲಿ ತಂತಿ ಎಳೆದೆ. ಮೊದಲು ಎದೆಗೆ ಬಡಿಯಿತು, ಆಮೇಲೆ ಕಿವಿಗೆ ಬಂತು. ಎಷ್ಟೋ ತಿಂಗಳ ಹಿಂದೆ ಊರು ಬಿಟ್ಟು ಹೋದವನು ಬಾಗಿಲು ತಟ್ಟಿದ ಹಾಗೆ. ಕಡಿದಾದ ತಿರುವಿನಲ್ಲಿ ದನಿ ಕುಗ್ಗಿತು, ಕೈ ತಾನಾಗಿ ಹೋಯಿತು, ಬಾಳೆದಿಂಡಿಗೆ ಕುಡುಗೋಲು ಇಳಿದಂತೆ ಗೇರು ಬಿತ್ತು. ಕಣ್ಣಲ್ಲಿ ನೀರು ಬಂದು ರಸ್ತೆ ಮಂಜಾಯಿತು. ಕಿವಿ ಬಂದರೆ ಕಣ್ಣು ಹೋಯಿತಲ್ಲ ಎಂದು ಒಬ್ಬನೇ ನಕ್ಕೆ.

ಎಲೆ ಅಡಿಕೆ ಮಾರುವ ವಳ್ಳಿಯಮ್ಮ ಕಿವಿಗೆ ಹತ್ತಿ ತುರುಕಿಕೊಂಡು ನನ್ನ ಹತ್ತಿರ ಬಂದು ಕಿರುಚಿದಳು: "ಎಂಡ್ರು ಊರ್ಗೋದ್ಲು ಅಂತ ಇಷ್ಟ್ ಅಬ್ಬರವೇನ್ಲಾ!" ಅವಳು ಕಿರುಚಿದ್ದರಿಂದ ಅದೂ ಕೇಳಿಸಿತು. ಈಗ ಬಸ್ಸಿನಲ್ಲಿ ಎಲ್ಲರೂ ಕಿರುಚಿಯೇ ಮಾತಾಡಬೇಕು. ನನ್ನ ಕಿವುಡು ಎಲ್ಲರಿಗೂ ಹಂಚಿಹೋಯಿತು. ಯಾರಿಗೂ ಅನುಮಾನವಿಲ್ಲ.

ಈಶ್ವರನ್‌ಗೆ ಇನ್ನೂ ಹೇಳಿಲ್ಲ. ಹೇಳುತ್ತೇನೆ.

ಮಾದೇಶ

&nbsp;

ಶಂಕಗಿರಿ
೨೬-೩-೧೯೩೫

ಮಾದೇಶನಿಗೆ,

ನೀನು ಮಗಳನ್ನು ನೋಡಿ ಹೋದ ಮೇಲೆ ಮನೆ ಮಂಕಾಗಿದೆ. ಮಗು ಚೆನ್ನಾಗಿದೆ. ಬಾಣಂತಿ ಸರಿಯಾಗಿ ಊಟ ಮಾಡುತ್ತಿಲ್ಲ.

ಬರೆಯಬಾರದು ಎಂದುಕೊಂಡಿದ್ದೆ. ಆ ದಿನ ಮಗುವನ್ನು ಮೊರದಲ್ಲಿ ಮಲಗಿಸಿ ನಿನ್ನ ಮುಂದೆ ಇಟ್ಟಾಗ ಅದು ಅಳುತ್ತಿತ್ತು. ಮನೆಯ ಹೆಂಚು ಹಾರುವ ಹಾಗೆ ಅಳುತ್ತಿತ್ತು. ನೀನು ಅದರ ಕೆನ್ನೆ ಮುಟ್ಟಿ ನಕ್ಕು, "ನೋಡ್ರೀ ಎಂಗೆ ಆಕಳಿಸ್ತದೆ" ಎಂದೆ.

ಗೋವಿಂದಿ ಗೋಡೆಯ ಕಡೆ ತಿರುಗಿಕೊಂಡಳು.

ಕಟೌಟ್ ಹಾಕುವ ಮೊದಲು ಎದುರು ನಿಂತು ಹೇಳಿದರೆ ನಿನಗೆ ಕೇಳುತ್ತಿತ್ತು. ಉಳಿದಿದ್ದಷ್ಟನ್ನೂ ಆ ಗುಡುಗೇ ತಿಂದಿದೆ. ಅದನ್ನು ಮಾಡಿದ್ದು ಈ ಕೈ. ಬಸ್ಸು ತಂದು ನಿಲ್ಲಿಸು, ಕಿಂಡಿ ಮುಚ್ಚಿಬಿಡುತ್ತೇನೆ.

ಶಿವಲಿಂಗಂ

&nbsp;

ಸೇಲಂ
೭-೪-೧೯೩೫

ಬಾವ,

ಕಿಂಡಿ ಮುಚ್ಚಿಸಲು ಸಾಹುಕಾರರು ಬಿಡುವುದಿಲ್ಲ. ನಮ್ಮ ಬಸ್ಸು ಹಳ್ಳಿಯ ಆಚೆ ಇರುವಾಗಲೇ ಜನ ಸದ್ದು ಕೇಳಿ ಊಟ ಬಿಟ್ಟು ರಸ್ತೆಗೆ ಓಡಿ ಬರುತ್ತಾರೆ. ಬೇರೆ ಬಸ್ಸುಗಳು ಖಾಲಿ ಹೋಗುತ್ತವೆ. "ಇದು ಗಾಡಿ ಅಲ್ಲಡಾ ಮಾದೇಶಾ, ಸಿಂಗಂ, ಸಿಂಹ! ಟೌನ್ ಒಳ್ಗೂ ತಂತಿ ಎಳಿ, ಪೊಲೀಸ್‌ನ ನಾ ನೋಡ್ಕೊಂತೀನಿ" ಎನ್ನುತ್ತಾರೆ. ಹೀಗೆಂದರು ಎಂದು ಈಶ್ವರನ್ ನನಗೆ ಕೈಸನ್ನೆಯಲ್ಲಿ ಹೇಳಿದ. ಅವನಿಗೆ ಈಗ ಗೊತ್ತು. ನಾನು ಹೇಳಲಿಲ್ಲ, ತಾನೇ ಕಂಡುಕೊಂಡ. ಹೇಗೆ ಎಂದು ಹೇಳುತ್ತೇನೆ.

ಮೊನ್ನೆ ಬುಧವಾರ, ಬಂಡೆಯ ತಿರುವು. ತಂತಿ ಎಳೆದು, ಗೇರು ಬದಲಿಸಿ ಹತ್ತುತ್ತಿದ್ದೆ. ತಿರುಗಿದೆ. ಎದುರಿಗೆ ಸೌದೆ ಲಾರಿ ಪರ್ವತದ ಹಾಗೆ ನಿಂತಿತ್ತು. ಬ್ರೇಕು ಒತ್ತಿದೆ. ಎರಡರ ನಡುವೆ ಒಂದು ಆಳು ತೂರುವಷ್ಟು ಜಾಗ ಉಳಿಯಿತು. ಲಾರಿಯವನು ತಿರುವಿಗೆ ಬರುವ ಮೊದಲಿಂದಲೇ ಹಾರನ್ ಒತ್ತಿ ಹಿಡಿದಿದ್ದನಂತೆ, ಆಮೇಲೆ ನಿಂತೇಬಿಟ್ಟನಂತೆ.

ನಾನು ಹಿಂದೆ ತಿರುಗಿ ನೋಡಿದೆ. ಬಸ್ಸಿನ ಅಷ್ಟೂ ಜನರ ಬಾಯಿ ತೆರೆದಿತ್ತು. ಆಗ ಕೂಗಿದ ಬಾಯಿಗಳಲ್ಲ ಅವು ಬಾವ. ಬಹಳ ಹೊತ್ತಿನಿಂದ ಕೂಗಿ ಕೂಗಿ, ಇನ್ನು ಕೂಗಿ ಫಲವಿಲ್ಲ ಎಂದು ಹಾಗೇ ತೆರೆದು ನಿಂತ ಬಾಯಿಗಳು. ಒಬ್ಬಳು ತಾಯಿ ಮಗುವನ್ನು ಕಿಟಕಿಯಿಂದ ಹೊರಗೆ ಹಿಡಿದಿದ್ದಳು, ಎಸೆಯುವುದಕ್ಕೆ. ಈಶ್ವರನ್ ನನ್ನ ಬೆನ್ನ ಹಿಂದೆಯೇ ನಿಂತು ಕೂಗಿದ್ದನಂತೆ, ನಾನು ತಿರುಗದ್ದು ನೋಡಿ ಅವನಿಗೆ ಅರ್ಥವಾಯಿತು.

ಸಂಜೆ ಸಾಹುಕಾರರ ಮುಂದೆ ನಿಂತು ಎಲ್ಲ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಲ್ಲಾ ಡ್ರೈವರ್‌ಗೂ ಕಿವುಡೇ" ಎಂದರಂತೆ. ರಜೆ ಕೇಳಲು ಆಟ ಕಟ್ಟಿದ್ದೇನೆ ಎಂದುಕೊಂಡರು. ಬೆಳಿಗ್ಗೆ ಕಾಲು ತಾನಾಗಿ ಬಸ್ಸಿನ ಶೆಡ್ಡಿಗೆ ಹೋಯಿತು. ಹತ್ತಿದೆ, ಓಡಿಸಿದೆ. ನಾನು ಎಂಥವನೆಂದು ನೀವೇ ಯೋಚಿಸಿ.

ಮಾದೇಶ

&nbsp;

ಶಂಕಗಿರಿ
೧೧-೪-೧೯೩೫

ಮಾದೇಶ,

ಈ ಕಾಗದ ಕೈಗೆ ಬಂದ ಗಳಿಗೆಯಲ್ಲೇ ಇಳಿ. ಎಲ್ಲಿದ್ದರೆ ಅಲ್ಲಿ. ಸಾಹುಕಾರರಿಗೆ ನಾನು ಬಂದು ಹೇಳುತ್ತೇನೆ. ಗೋವಿಂದಿ ತನ್ನ ಬಾಯಿಂದಲೇ ಹೇಳಿದಳು, ಇಳಿಯಲಿ ಎಂದು.

ಶಿವಲಿಂಗಂ

&nbsp;

ಸೇಲಂ
೧೩-೪-೧೯೩೫

ಬಾವನವರಿಗೆ, ಗೋವಿಂದಿಗೂ ಓದಿ ಹೇಳಿ.

ಇವತ್ತು ಬೆಳಿಗ್ಗೆ ಬಸ್ಸು ಹೊರಡುವಾಗ ನಿಮ್ಮ ಕಾಗದ ಸಿಕ್ಕಿತು. ಜೇಬಿನಲ್ಲಿಟ್ಟುಕೊಂಡು ಹೊರಟೆ. ಇಳಿಯಲಿಲ್ಲ. ಇದೊಂದು ಟ್ರಿಪ್ ಎಂದುಕೊಂಡೆ.

ಘಟ್ಟದ ಬುಡದಲ್ಲಿ ಎಂದಿನಂತೆ ಇಂಜಿನ್ನು ನಿಲ್ಲಿಸಿದೆ, ಈಶ್ವರನ್ ನೀರು ತುಂಬಿದ. ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡಿದೆ. ತಂತಿ ಎಳೆದೆ. ಎದೆಗೆ ಬಡಿಯಿತು. ಕಿವಿಗೆ ಬರಲಿಲ್ಲ. ಮತ್ತೆ ಮುಚ್ಚಿ ಮತ್ತೆ ಎಳೆದೆ. ಎಲ್ಲೋ ದೂರದಲ್ಲಿ ಜೇನು ಎದ್ದ ಹಾಗೆ, ಅಷ್ಟೇ. ಆಮೇಲೆ ಅದೂ ಇಲ್ಲ. ಬಸ್ಸಿನ ಪಕ್ಕ ಕಟ್ಟಿದ್ದ ಎಮ್ಮೆ ಬೆದರಿ ಗೂಟ ಕಿತ್ತುಕೊಂಡು ಓಡುತ್ತಿತ್ತು. ನನಗೆ ಮಾತ್ರ ಏನೂ ಇಲ್ಲ.

ಇಂಜಿನ್ನು ನಿಲ್ಲಿಸಿ, ಮೆಟ್ಟಿಲ ಮೇಲೆ ನಿಂತು ಜನಕ್ಕೆ ಹೇಳಿದೆ: "ನಂಗೆ ಕಿವಿ ಕೇಳ್ಸಾಕಿಲ್ಲ. ಒಂಚೂರೂ ಕೇಳ್ಸಾಕಿಲ್ಲ. ಎಲ್ರೂ ಇಳ್ಕೊಳಿ."

ನಕ್ಕರು ಬಾವ. ನಗುವುದು ಕಾಣಿಸಿತು. ಒಬ್ಬ ಕೈ ಮುಂದೆ ಮಾಡಿ "ಪೋಲಾಂ, ಪೋಲಾಂ", ಹೋಗೋಣ ಎನ್ನುವ ಹಾಗೆ ಬೀಸಿದ. ವಳ್ಳಿಯಮ್ಮ ಎಲೆ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ಗಟ್ಟಿಯಾಗಿ ಕೂತಳು. ಸಂತೆಗೆ ಹೊತ್ತಾಯಿತು ಎಂದು ಅವರ ಸಿಟ್ಟು. ಬಂಡೆಯ ತಿರುವಿನಲ್ಲಿ ಬಾಯಿ ತೆರೆದವರಲ್ಲಿ ಮೂರು ನಾಲ್ಕು ಜನ ಅಲ್ಲೇ ಇದ್ದರು. ಅವರೂ ಇಳಿಯಲಿಲ್ಲ.

ಈಗ ಹೇಳುವುದನ್ನು ಗೋವಿಂದಿಗೆ ಬಿಡದೆ ಓದಿ. ಅವರು ಹಾಗೆ ಕೂತದ್ದನ್ನು ನೋಡಿ ನನಗೆ ಸಂತೋಷವಾಯಿತು. ಇವರೆಲ್ಲ ನನ್ನನ್ನು ನಂಬಿ ಕೂತಿದ್ದಾರೆ, ಓಡಿಸಿಬಿಡೋಣ, ದಾರಿ ನನಗೆ ಬಾಯಿಪಾಠ ಎನ್ನಿಸಿತು. ಇಳಿದು ಮುಂದೆ ಹೋದೆ. ಹ್ಯಾಂಡಲ್ ಸಿಕ್ಕಿಸಿ ತಿರುಗಿಸಲು ಬಗ್ಗಿದ್ದೆ. ಹಾಗೆ ಬಗ್ಗಿದ್ದಾಗ ನನಗೆ ನನ್ನ ಮೇಲೇ ಭಯ ಹುಟ್ಟಿತು. ಈ ಕೈ ನನ್ನ ಮಾತು ಕೇಳುವುದಿಲ್ಲ, ನಾಳೆಯೂ ಕೇಳುವುದಿಲ್ಲ. ಹ್ಯಾಂಡಲ್ ಕಿತ್ತು, ಶಕ್ತಿಯಿದ್ದಷ್ಟು ಬೀಸಿ, ಹಳ್ಳಕ್ಕೆ ಎಸೆದೆ. ಲಂಟಾನದ ಪೊದೆಗಳೊಳಗೆ ಎಲ್ಲಿ ಬಿತ್ತೋ ಕಾಣಲಿಲ್ಲ. ಹ್ಯಾಂಡಲ್ ಇಲ್ಲದೆ ಬಸ್ಸು ಏಳದು.

ಆಮೇಲೆ ಇಳಿದರು. ಸುತ್ತ ನಿಂತು ಬೈದರು. ಒಬ್ಬ ಅಂಗಿ ಹಿಡಿದ. ಅವರ ಬೈಗುಳ ಮುಗಿಯುವವರೆಗೂ ತಲೆ ಬಗ್ಗಿಸಿ ನಿಂತಿದ್ದೆ. ಮುಗಿಯಿತೆಂದು ಈಶ್ವರನ್ ತೋಳು ಮುಟ್ಟಿ ಹೇಳಿದ. ಗಂಟು ಹೊತ್ತುಕೊಂಡು ಒಬ್ಬೊಬ್ಬರೇ ಘಟ್ಟ ಹತ್ತಲು ಶುರುಮಾಡಿದರು, ಬಿಸಿಲಿನಲ್ಲಿ, ನಡೆದುಕೊಂಡು.

ಎಲ್ಲರಿಗಿಂತ ಕೊನೆಗೆ ಮಗು ಎತ್ತಿಕೊಂಡಿದ್ದ ಒಬ್ಬ ಹೆಂಗಸು ಹೊರಟಳು. ನಾಲ್ಕು ಹೆಜ್ಜೆ ಹೋದವಳು ವಾಪಸು ಬಂದಳು. ನನ್ನ ಮುಖದ ಹತ್ತಿರ ಮುಖ ತಂದು ಏನೋ ಹೇಳಿದಳು. ಎರಡು ಮಾತು, ಮೂರು ಮಾತು ಇರಬಹುದು. ಬೈದಳೋ, ಹರಸಿದಳೋ. ಈಶ್ವರನ್ ಪಕ್ಕದಲ್ಲೇ ನಿಂತಿದ್ದ. ಏನಂದಳು ಎಂದು ಕೇಳಬಹುದಿತ್ತು. ಕೇಳಲಿಲ್ಲ.

ನಾಳೆ ರೈಲಿಗೆ ಬರುತ್ತೇನೆ.

ಮಾದೇಶ